ಹೆದೆಗೆ ಮೇಣ: ಯಾವುದು ಹಚ್ಚಬೇಕು, ಎಷ್ಟು ಹಚ್ಚಬೇಕು?

ಬಿಲ್ಲು ಕೊಳ್ಳುವಾಗ ನೂರು ಪ್ರಶ್ನೆ ಕೇಳುವವರು ಹೆದೆಯ ವಿಷಯ ಬಂದಾಗ ಸುಮ್ಮನಾಗುತ್ತಾರೆ. ಬಾಣಕ್ಕೆ ವೇಗ ಮುಟ್ಟಿಸುವುದು ಹೆದೆಯೇ ಅಲ್ವಾ? ಅದು ಒಣಗಿ ನೂಲು ಎದ್ದಿದ್ದರೆ ಬಿಲ್ಲು ಎಷ್ಟು ದುಬಾರಿಯದಾದರೂ ಪ್ರಯೋಜನವಿಲ್ಲ. ಕಾರವಾರ, ಕುಮಟಾ, ಹೊನ್ನಾವರದ ಕಡೆ ಇದಕ್ಕೆ ಗಮನ ಇನ್ನೂ ಜಾಸ್ತಿ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಉಳಿದ ತಿಂಗಳು ಉಪ್ಪುಗಾಳಿ ಮತ್ತು ಮರಳು.

ಹೆದೆ ಅಂದರೆ ಒಂದೇ ದಾರವಲ್ಲ, ಹಲವು ಎಳೆಗಳ ಕಟ್ಟು. ಬಾಣ ಬಿಟ್ಟಾಗಲೆಲ್ಲ ಈ ಎಳೆಗಳು ಒಂದಕ್ಕೊಂದು ತಿಕ್ಕುತ್ತವೆ. ಮೇಣ ಆ ತಿಕ್ಕಾಟ ಕಡಿಮೆ ಮಾಡುತ್ತದೆ, ಎಳೆಗಳನ್ನು ಒಟ್ಟಿಗೆ ಹಿಡಿದಿಡುತ್ತದೆ, ನೀರು ಒಳಗೆ ಇಳಿಯದಂತೆ ತಡೆಯುತ್ತದೆ. ಹರಿದದ್ದನ್ನು ಮಾತ್ರ ಕೂಡಿಸುವುದಿಲ್ಲ. ಒಂದೇ ಒಂದು ಎಳೆ ಕಡಿದಿದ್ದರೂ ಮೇಣ ಮೆತ್ತಿ ಮುಚ್ಚಬೇಡಿ, ಹೆದೆಯನ್ನೇ ಬದಲಿಸಿ.

ದಾರ ನೋಡಿ ಮೇಣ ಆರಿಸಿ

ಮರದ ಅಥವಾ ಬಿದಿರಿನ ಬಿಲ್ಲಿಗೆ ಸಾಮಾನ್ಯವಾಗಿ ಡಕ್ರಾನ್ ಹೆದೆ ಇರುತ್ತದೆ. ಇದು ಪಾಲಿಯೆಸ್ಟರ್. ಸ್ವಲ್ಪ ಹಿಗ್ಗುವ ಗುಣ ಇರುವುದರಿಂದ ಬಿಲ್ಲಿನ ತುದಿಗಳಿಗೆ ಪೆಟ್ಟು ಕಡಿಮೆ. ಇದಕ್ಕೆ ಶುದ್ಧ ಜೇನುಮೇಣ ಚೆನ್ನಾಗಿ ಒಗ್ಗುತ್ತದೆ. ಸೆಣಬು, ಅಗಸೆ ನಾರಿನ ಹೆದೆಗೂ ಇದೇ ಸರಿ. ನಾರಿನ ಹೆದೆ ಇಟ್ಟುಕೊಂಡವರಿಗೆ ಮಳೆಗಾಲದಲ್ಲಿ ಮೇಣ ಬಿಟ್ಟರೆ ಗತಿಯಿಲ್ಲ. ನಾರು ನೀರು ಹೀರಿದರೆ ಹೆದೆಯ ಉದ್ದ ಬದಲಾಗುತ್ತದೆ, ಒದ್ದೆಯಾಗೇ ಉಳಿದರೆ ಕೊಳೆಯುತ್ತದೆ.

ತುದಿಗಳು ಹೊರಕ್ಕೆ ಬಾಗಿದ ರಿಕರ್ವ್, ಗಾಲಿಗಳಿರುವ ಕಾಂಪೌಂಡ್ ಬಿಲ್ಲುಗಳ ಈಗಿನ ಹೆದೆ ಹೆಚ್ಚಾಗಿ ಡೈನಿಮಾ ಜಾತಿಯದು, ಅಂದರೆ ತುಂಬಾ ಬಲವಾದ ಪಾಲಿಎಥಿಲೀನ್ ದಾರ. ಈ ದಾರ ತಾನೇ ನುಣುಪು, ಎಳೆಗಳು ತೀರಾ ಸಣ್ಣ. ಗಟ್ಟಿ ಜೇನುಮೇಣ ಇದರ ಮೇಲೆ ಕೂರುತ್ತದೆಯೇ ಹೊರತು ಒಳಗೆ ಇಳಿಯಲು ಒದ್ದಾಡುತ್ತದೆ. ಲಿಪ್‌ಸ್ಟಿಕ್ ಹಾಗೆ ಕೊಳವೆಯಲ್ಲಿ ಬರುವ ಮೆತ್ತನೆಯ ಸ್ಟ್ರಿಂಗ್ ವ್ಯಾಕ್ಸ್ ತಗೊಳ್ಳಿ. ಅದರಲ್ಲಿ ಸಿಲಿಕೋನ್ ಸೇರಿದ್ದೂ ಸಿಗುತ್ತದೆ, ತೊಂದರೆ ಇಲ್ಲ.

ಮೇಣದಬತ್ತಿ ಬೇಡ. ಈಗಿನ ಬತ್ತಿಗಳು ಹೆಚ್ಚಾಗಿ ಪ್ಯಾರಾಫಿನ್, ಹೆದೆ ಬಾಗಿದೊಡನೆ ಪುಡಿಪುಡಿಯಾಗಿ ಉದುರುತ್ತದೆ. ಬೂಟ್ ಪಾಲಿಶ್ ಕೂಡ ಬೇಡ. ಇನ್ನು ತೆಂಗಿನೆಣ್ಣೆ. ನಮ್ಮ ಕರಾವಳಿಯಲ್ಲಿ ಬಾಗಿಲು ಕಿರುಗುಟ್ಟಿದರೂ ಅದೇ, ಮಂಡಿ ನೋವಿಗೂ ಅದೇ. ಹೆದೆಗೆ ಮಾತ್ರ ಬೇಡ, ಎಳೆಗಳನ್ನು ಹಿಡಿದಿಡುವ ಅಂಟು ಅದರಲ್ಲಿಲ್ಲ. ಕಾಲೊಡಕಿಗೆ ಹಚ್ಚುವ ಮುರುಗಲು ತುಪ್ಪ ಗಟ್ಟಿ ಇರುತ್ತದಲ್ಲ, ಅದನ್ನು ಬಳಸಬಹುದಾ ಎಂದು ಕೇಳುವವರಿದ್ದಾರೆ. ಅದು ಸುಮಾರು 40 ಡಿಗ್ರಿಗೇ ಕರಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಹೆದೆ, ಬೆರಳು, ಬಾಣ ಎಲ್ಲ ಜಿಡ್ಡು. ಜೇನುಮೇಣ ಕರಗಲು 62ರಿಂದ 64 ಡಿಗ್ರಿ ಬೇಕು.

ಊರಿನ ಜೇನುಮೇಣ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಜೇನು ಸಾಕುವ ಮನೆಗಳಿಗೆ ಬರವಿಲ್ಲ. ತುಡುವೆ ಜೇನಿನ ಹಳೇ ಎರಿ ಕೇಳಿ ಪಡೆಯಿರಿ. ಎರಿಯನ್ನು ಸ್ಟೀಲ್ ಪಾತ್ರೆಯಲ್ಲಿ ನೀರು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಕಬ್ಬಿಣದ ಪಾತ್ರೆಯಲ್ಲಿ ಮೇಣ ಕಪ್ಪಾಗುತ್ತದೆ. ಕರಗಿದ ಮೇಲೆ ಬಟ್ಟೆಯಲ್ಲಿ ಸೋಸಿ ಆರಲು ಬಿಡಿ. ಮೇಣ ಬಿಲ್ಲೆಯಾಗಿ ಮೇಲೆ ತೇಲುತ್ತದೆ. ಬಿಲ್ಲೆಯ ಅಡಿಗೆ ಅಂಟಿದ ಕಸವನ್ನು ಚಾಕುವಿನಿಂದ ಕೆರೆದು ತೆಗೆದು, ಹೊಸ ನೀರಲ್ಲಿ ಇನ್ನೊಮ್ಮೆ ಕರಗಿಸಿ. ಈ ಎರಡನೇ ಸಲದ ಕೆಲಸ ತಪ್ಪಿಸಬೇಡಿ. ಜೇನಿನ ಅಂಶ ಉಳಿದರೆ ಬಿಲ್ಲು ತೂಗುಹಾಕಿದ ಗೋಡೆಗೆ ಇರುವೆ ಸಾಲು ಗ್ಯಾರಂಟಿ.

ನಾರಿನ ಅಥವಾ ಡಕ್ರಾನ್ ಹೆದೆಗೆ ಇನ್ನಷ್ಟು ಅಂಟು ಬೇಕೆಂದರೆ ರಾಳ ಸೇರಿಸಬಹುದು. ಐದು ಪಾಲು ಮೇಣಕ್ಕೆ ಒಂದು ಪಾಲು ರಾಳದ ಪುಡಿ ಸಾಕು. ನೇರ ಬೆಂಕಿಯ ಮೇಲೆ ಇಡಬೇಡಿ, ಮೇಣ ಹೊತ್ತಿಕೊಳ್ಳುತ್ತದೆ. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ರಾಳ ನಿಧಾನಕ್ಕೆ ಕರಗುತ್ತದೆ, ಕಲಕುತ್ತಾ ಇರಿ. ಘಟ್ಟದ ಮೇಲಿನವರು ರಾಳ ಇನ್ನೂ ಕಡಿಮೆ ಹಾಕುವುದು ಒಳ್ಳೆಯದು. ಡಿಸೆಂಬರ್‌ನ ಶಿರಸಿ ಬೆಳಗಿನಲ್ಲಿ ಆ ಉಂಡೆ ಕಲ್ಲಾಗಿರುತ್ತದೆ. ಕಾರವಾರದ ಕಡಲತೀರದಲ್ಲಿ ಅಭ್ಯಾಸ ಮಾಡುವವರಿಗಂತೂ ರಾಳ ಬೇಡವೇ ಬೇಡ. ಅಂಟು ಜಾಸ್ತಿಯಾದಷ್ಟೂ ಮರಳು ಹಿಡಿಯುತ್ತದೆ.

ಹಚ್ಚುವ ಕ್ರಮ

ಮೊದಲು ಹೆದೆ ಒರೆಸಿ. ತೀರದಲ್ಲಿ ಬಳಸಿದ ಬಿಲ್ಲಾದರೆ ಇದೇ ಮುಖ್ಯ ಹಂತ. ಮರಳಿನ ಕಣದ ಮೇಲೆ ಮೇಣ ಹಚ್ಚಿದಿರೋ, ಆ ಕಣವನ್ನು ಎಳೆಗಳ ನಡುವೆ ನೀವೇ ತುರುಕಿದಂತೆ. ಆಮೇಲೆ ಅದು ಒಳಗಿಂದ ಕೊಯ್ಯುತ್ತಾ ಹೋಗುತ್ತದೆ. ಹಳೇ ಮೇಣ ಕಪ್ಪಗೆ ಗಂಟುಗಟ್ಟಿದ್ದರೆ ಗಟ್ಟಿ ನೂಲೊಂದನ್ನು ಹೆದೆಗೆ ಒಂದು ಸುತ್ತು ಹಾಕಿ, ಎರಡೂ ತುದಿ ಹಿಡಿದು ಉದ್ದಕ್ಕೂ ಎಳೆಯಿರಿ. ಕೊಳೆಯೆಲ್ಲ ನೂಲಿನ ಮುಂದೆ ಸೇರಿ ಕಿತ್ತು ಬರುತ್ತದೆ.

ಹೆದೆ ಒದ್ದೆಯಿದ್ದರೆ ಪೂರ್ತಿ ಒಣಗುವವರೆಗೆ ಕಾಯಿರಿ. ನೆರಳಲ್ಲಿ, ಫ್ಯಾನ್ ಗಾಳಿಗೆ. ಒದ್ದೆ ಹೆದೆಗೆ ಮೇಣ ಹಚ್ಚಿದರೆ ನೀರನ್ನು ಒಳಗೆ ಕೂಡಿಹಾಕಿದ ಹಾಗೆ.

ಈಗ ಹೆದೆ ಏರಿಸಿದ ಬಿಲ್ಲಿನಲ್ಲೇ ಮೇಣದ ತುಂಡನ್ನು ಮೇಲಿಂದ ಕೆಳಗೆ ಹಗುರವಾಗಿ ಎಳೆಯಿರಿ. ತೆಳ್ಳಗೆ ಒಂದು ಲೇಪ ಸಾಕು. ಆಮೇಲೆ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಜೋರಾಗಿ ಉಜ್ಜಿ. ಬೆರಳಿಗೆ ಬಿಸಿ ತಾಗಬೇಕು, ಆ ಬಿಸಿಗೇ ಮೇಣ ಒಳಗೆ ಇಳಿಯುವುದು. ಚರ್ಮ ಸುಟ್ಟರೆ ತೊಗಲಿನ ತುಂಡು ಹಿಡಿಯಿರಿ. ಹೇರ್ ಡ್ರೈಯರ್, ಲೈಟರ್‌ಗಳ ಸಹವಾಸ ಬೇಡ. ಡೈನಿಮಾ ಸುಮಾರು 150 ಡಿಗ್ರಿಗೆ ಕರಗುತ್ತದೆ, ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಗೇ ಬಲ ಕಳೆದುಕೊಳ್ಳುತ್ತದೆ.

ಕೊನೆಗೆ ಮತ್ತೆ ನೂಲು ಸುತ್ತಿ ಎಳೆದು ಹೆಚ್ಚಾದದ್ದನ್ನು ತೆಗೆಯಿರಿ. ಮೇಣ ಜಾಸ್ತಿಯಾದರೆ ಹೆದೆ ತೂಕ ಬರುತ್ತದೆ, ಬಾಣ ನಿಧಾನವಾಗುತ್ತದೆ. ನಾನು ಕಂಡ ಕೆಟ್ಟ ಹೆದೆಗಳಲ್ಲಿ ಮೇಣ ಕಾಣದವಕ್ಕಿಂತ ಮೇಣದಲ್ಲಿ ಮುಳುಗಿದವೇ ಹೆಚ್ಚು. ಬಾಣ ಕೂರುವ ನಡುಭಾಗಕ್ಕೆ ಮತ್ತು ಕುಣಿಕೆಗಳಿಗೆ ಸುತ್ತಿರುವ ಬಿಗಿ ದಾರ, ಅದೇ ಸರ್ವಿಂಗ್, ಅದಕ್ಕೆ ಹಚ್ಚಬೇಡಿ. ಕಾಂಪೌಂಡ್ ಬಿಲ್ಲಿನ ಗಾಲಿಗಳಿಗೂ ತಾಗದಿರಲಿ.

ಮತ್ತೆ ಯಾವಾಗ? ಕ್ಯಾಲೆಂಡರ್ ನೋಡಬೇಡಿ, ಹೆದೆ ನೋಡಿ. ನೂಲು ಎದ್ದು ರೋಮ ರೋಮವಾಗಿ ಕಂಡರೆ, ಮುಟ್ಟಿದಾಗ ಒಣಗಿದಂತಿದ್ದರೆ ಸಮಯ ಬಂತು. ಮಳೆಯಲ್ಲಿ ಬಿಟ್ಟ ಬಾಣಗಳ ನಂತರವಂತೂ ಖಂಡಿತ.

ಹೊಸ ಹೆದೆ ಹೊಸೆಯುವಾಗ

ಡಕ್ರಾನ್‌ನಲ್ಲಿ 35ರಿಂದ 45 ಪೌಂಡ್ ಬಿಲ್ಲಿಗೆ (ಹೆದೆ ಹಿಂದಕ್ಕೆಳೆಯಲು ಬೇಕಾದ ಬಲದ ಲೆಕ್ಕ ಇದು) 12 ಎಳೆ, ಅದಕ್ಕಿಂತ 10 ಪೌಂಡ್ ಹೆಚ್ಚಿದ್ದರೆ 14 ಎನ್ನುವುದು ರೂಢಿಯ ಲೆಕ್ಕ. ಎಳೆಗಳನ್ನು ಎರಡು ಕಟ್ಟಾಗಿ ಮಾಡಿ, ಒಂದೊಂದು ಕಟ್ಟಿಗೂ ಹೊಸೆಯುವ ಮೊದಲೇ ಮೇಣ ತಿಕ್ಕಿ. ಕುಣಿಕೆ ಬರುವ ತುದಿಗಳಲ್ಲಿ ಮಾತ್ರ ಧಾರಾಳವಾಗಿ, ಅಲ್ಲಿ ಹುರಿ ಬಿಚ್ಚದಂತೆ ಹಿಡಿಯುವುದಕ್ಕೆ ಮೇಣ ಬೇಕೇ ಬೇಕು. ಸರ್ವಿಂಗ್ ಸುತ್ತುವ ಜಾಗದಲ್ಲಿ ಮಾತ್ರ ಹೆಚ್ಚಿನ ಮೇಣ ಒರೆಸಿಬಿಡಿ, ಇಲ್ಲದಿದ್ದರೆ ಸುತ್ತು ಜಾರುತ್ತದೆ. ಅಂಗಡಿಯ ದಾರ ಎಷ್ಟೋ ಸಲ ಮೇಣ ಹಾಕಿಯೇ ಬಂದಿರುತ್ತದೆ. ಮುಟ್ಟಿ ನೋಡಿ ಆಮೇಲೆ ಹಚ್ಚಿ.

ಉಳಿದ ಜೇನುಮೇಣವನ್ನು ಮುಚ್ಚಳದ ಡಬ್ಬಿಯಲ್ಲಿಡಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಕೆಲವು ತಿಂಗಳಿಗೆ ಅದರ ಮೇಲೆ ಬೂದಿಯಂಥ ಬಿಳಿ ಪುಡಿ ಕಾಣಬಹುದು. ಮಳೆಗಾಲದಲ್ಲಿ ಇದನ್ನು ಬೂಸಲು ಎಂದುಕೊಂಡು ಎಸೆಯುವವರು ಬಹಳ. ಬೂಸಲಲ್ಲ, ಶುದ್ಧ ಜೇನುಮೇಣದ ಸ್ವಭಾವವೇ ಅದು. ಬಟ್ಟೆಯಲ್ಲಿ ಒರೆಸಿ ಬಳಸಿ.