ಬ್ರಿಟನ್‌ಗೆ ಓದಲು ಹೊರಟ ಕಾಸರಗೋಡಿನವರಿಗೆ: ಯುನಿವರ್ಸಿಟಿಯಲ್ಲಿ ನಿಮ್ಮ ಮಾತಿಗೆ ಎಲ್ಲಿ ಜಾಗ ಇದೆ?

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಮಾಸ್ಟರ್ಸ್ ಓದಲು ಬ್ರಿಟನ್‌ಗೆ ಹೊರಡುವವರು ಮೊದಲು ವಿಚಾರಿಸುವುದು ಫೀಸು, ವೀಸಾ, ಬಾಡಿಗೆ ಕೋಣೆಯ ವಿಷಯ. ಅದು ಸಹಜ. ಆದರೆ ಅಲ್ಲಿನ ಯುನಿವರ್ಸಿಟಿಯಲ್ಲಿ ಪಾಠ, ಪರೀಕ್ಷೆ, ಮಾರ್ಕಿನ ಬಗ್ಗೆ ವಿದ್ಯಾರ್ಥಿ ಯಾರ ಹತ್ತಿರ ಮಾತಾಡಬೇಕು ಎಂಬುದೂ ಹೋದ ಮೊದಲ ತಿಂಗಳಲ್ಲೇ ಗೊತ್ತಿರಬೇಕು. ಮಾಸ್ಟರ್ಸ್ ಇರುವುದು ಹೆಚ್ಚಾಗಿ ಒಂದೇ ವರ್ಷ. ಸೆಪ್ಟೆಂಬರಿನಲ್ಲಿ ಶುರುವಾದ ಪಾಠ ಬೇಸಿಗೆಗೆ ಮೊದಲೇ ಮುಗಿದು, ಆಮೇಲೆ ಡಿಸರ್ಟೇಶನ್, ಅಂದರೆ ಕೊನೆಯ ದೊಡ್ಡ ಪ್ರಬಂಧ, ಬರೆಯುವ ಕೆಲಸ. ಮಾತಾಡಲು ಫೆಬ್ರವರಿವರೆಗೆ ಕಾದರೆ ಅರ್ಧ ಅವಕಾಶ ಹೋಗಿರುತ್ತದೆ.

ಮೊದಲು ಯೂನಿಯನ್ ವಿಷಯ. ನಮ್ಮ ಕಡೆ ಕಾಲೇಜು ಯೂನಿಯನ್ ಅಂದರೆ ಎಸ್‌ಎಫ್‌ಐ, ಕೆಎಸ್‌ಯು, ಎಬಿವಿಪಿ ನೆನಪಾಗುತ್ತವೆ. ಅಲ್ಲಿ ಪಕ್ಷದ ಬಾವುಟ ಹಿಡಿದು ಚುನಾವಣೆಗೆ ನಿಲ್ಲುವವರು ಕಡಿಮೆ. ಯುನಿವರ್ಸಿಟಿಗೆ ಸೇರಿದ ಕೂಡಲೇ ನೀವು ಸ್ಟೂಡೆಂಟ್ಸ್ ಯೂನಿಯನ್ನಿನ ಸದಸ್ಯರಾಗುತ್ತೀರಿ. ಬೇಡ ಅಂದರೆ ಹೊರಗುಳಿಯುವ ಹಕ್ಕನ್ನು 1994ರ ಶಿಕ್ಷಣ ಕಾಯ್ದೆ ಕೊಟ್ಟಿದೆ. ಯೂನಿಯನ್ನಿನ ಮುಖ್ಯ ಪದಾಧಿಕಾರಿಗಳು ಸಂಬಳ ಪಡೆದು ಪೂರ್ತಿ ಸಮಯ ಕೆಲಸ ಮಾಡುತ್ತಾರೆ. ಅದೇ ಕಾಯ್ದೆಯ ಪ್ರಕಾರ ಒಬ್ಬರು ಒಟ್ಟು 2 ವರ್ಷಕ್ಕಿಂತ ಜಾಸ್ತಿ ಆ ಹುದ್ದೆಯಲ್ಲಿ ಇರುವಂತಿಲ್ಲ.

ನಿಮಗೆ ಹತ್ತಿರದವರು ಕೋರ್ಸ್ ರೆಪ್, ಅಂದರೆ ಕೋರ್ಸಿನ ವಿದ್ಯಾರ್ಥಿ ಪ್ರತಿನಿಧಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಪ್ರತಿ ಕೋರ್ಸಿನಿಂದ ಒಬ್ಬರನ್ನೋ ಇಬ್ಬರನ್ನೋ ಆರಿಸುತ್ತಾರೆ. ಎಷ್ಟೋ ಕೋರ್ಸುಗಳಲ್ಲಿ ಯಾರೂ ಮುಂದೆ ಬರುವುದಿಲ್ಲ, ಕೈ ಎತ್ತಿದವರೇ ರೆಪ್. ಇಂಗ್ಲಿಷ್ ಅಷ್ಟು ಸಲೀಸಿಲ್ಲ ಎಂದು ಹಿಂಜರಿಯಬೇಡಿ, ದಯವಿಟ್ಟು ಕೈ ಎತ್ತಿ. ತರಬೇತಿಯನ್ನು ಯೂನಿಯನ್ನೇ ಕೊಡುತ್ತದೆ. ರೆಪ್‌ಗಳು ಮತ್ತು ಪಾಠ ಮಾಡುವವರು ಸೇರುವ ಸ್ಟೂಡೆಂಟ್-ಸ್ಟಾಫ್ ಕಮಿಟಿ ವರ್ಷದಲ್ಲಿ ಕೆಲವು ಸಲ ಕೂರುತ್ತದೆ. ಮಾತಾಡಿದ್ದನ್ನು ಮಿನಿಟ್ಸಿನಲ್ಲಿ (ಮೀಟಿಂಗಿನ ನಡಾವಳಿ) ಬರೆದಿಡುತ್ತಾರೆ. ಮುಂದಿನ ಮೀಟಿಂಗಿನಲ್ಲಿ ಹಳೆಯ ಮಿನಿಟ್ಸ್ ತೆಗೆದು "ಇದು ಏನಾಯ್ತು?" ಎಂದು ಕೇಳುವುದು ರೆಪ್‌ನ ಕೆಲಸಗಳಲ್ಲಿ ಎಲ್ಲಕ್ಕಿಂತ ದೊಡ್ಡದು.

ಇಲ್ಲಿ ನಮ್ಮ ಊರಿನ ಅಭ್ಯಾಸ ಎರಡು ಥರ ಅಡ್ಡ ಬರುತ್ತದೆ. ಒಂದು, ಮಾಸ್ಟ್ರ ಎದುರು ಸುಮ್ಮನಿರುವುದು. ನಾವು ಗೌರವದಿಂದ ಸುಮ್ಮನಿದ್ದರೆ ಅಲ್ಲಿನವರು "ಎಲ್ಲ ಸರಿ ಇದೆ" ಎಂದೇ ತಿಳಿಯುತ್ತಾರೆ. ಪ್ರೊಫೆಸರನ್ನೂ ಹೆಸರು ಹಿಡಿದು ಕರೆಯುವುದು ಅಲ್ಲಿ ವಾಡಿಕೆ, ಅದನ್ನು ಯಾರೂ ಅಗೌರವ ಅಂದುಕೊಳ್ಳುವುದಿಲ್ಲ. ಇನ್ನೊಂದು, ಮನವಿ ಮತ್ತು ಹೋರಾಟ. ಕನ್ನಡ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕು, ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬೇಕು ಎಂದು ಕಾಸರಗೋಡಿನವರು ಎಷ್ಟು ಮನವಿ ಕೊಟ್ಟಿದ್ದಾರೆ, ಎಷ್ಟು ಸಲ ಬೀದಿಗೆ ಇಳಿದಿದ್ದಾರೆ ಅಲ್ವಾ? ಬೆನ್ನು ಬಿಡದೆ ಕೇಳುವ ಆ ಗುಣ ಅಲ್ಲೂ ಬೇಕು, ಅದನ್ನು ಊರಲ್ಲೇ ಬಿಟ್ಟು ಹೋಗಬೇಡಿ. ಆದರೆ ಮನವಿ ಕೊಟ್ಟವರು ಹೊರಗೆ ಕಾಯುತ್ತಾರೆ, ತೀರ್ಮಾನ ಒಳಗೆ ಆಗುತ್ತದೆ. ಕಮಿಟಿಯಲ್ಲಿ ನೀವು ಒಳಗೇ ಕೂತಿರುತ್ತೀರಿ. ಹಾಗಾಗಿ ಬೇಡಿಕೆಯ ಜೊತೆಗೆ ದಾರಿಯನ್ನೂ ಹೇಳಬೇಕು.

ಒಂದು ಉದಾಹರಣೆ. ಮೂರು ಮಾಡ್ಯೂಲ್‌ಗಳ (ಕೋರ್ಸಿನ ಒಂದೊಂದು ವಿಷಯ) ಅಸೈನ್‌ಮೆಂಟ್ ಒಂದೇ ವಾರಕ್ಕೆ ಬಂದಿದೆ ಎಂದುಕೊಳ್ಳಿ. "ತುಂಬಾ ಕಷ್ಟ" ಎಂದರೆ ಪಾಪ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಮೂರರ ದಿನಾಂಕವನ್ನೂ ಒಂದು ಹಾಳೆಯಲ್ಲಿ ಬರೆದು, ಯಾವುದನ್ನು ಮುಂದೆ ಹಾಕಿದರೆ ಮಾರ್ಕ್ ಮಾಡುವವರಿಗೂ ತೊಂದರೆ ಇಲ್ಲ ಎಂದು ಅವರ ಜೊತೆಯೇ ಕೂತು ನೋಡಿ. ಅವರಿಗೂ ಮಾರ್ಕು ಅಂತಿಮ ಮಾಡುವ ಎಕ್ಸಾಮ್ ಬೋರ್ಡಿನ ಗಡುವು ಇರುತ್ತದೆ. ಎಷ್ಟೋ ಅಧ್ಯಾಪಕರು ತಾತ್ಕಾಲಿಕ ಕಾಂಟ್ರಾಕ್ಟಿನ ಮೇಲಿದ್ದು, ಈ ಮೀಟಿಂಗಿನ ಸಮಯಕ್ಕೆ ಸಂಬಳವೂ ಸರಿಯಾಗಿ ಸಿಗುವುದಿಲ್ಲ. ಇದು ತಿಳಿದಿದ್ದರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಕ್ಲಾಸಿನಲ್ಲಿ ಬಾಯಿಬಿಡದ ಚೀನಾದ, ನೈಜೀರಿಯಾದ ಗೆಳೆಯರನ್ನೂ ಕೇಳಿಕೊಂಡು ಹೋಗಿ. ನೀವು ಭಾರತೀಯರ ರೆಪ್ ಅಲ್ಲ, ಇಡೀ ಕೋರ್ಸಿನ ರೆಪ್.

ಕಾರಿಡಾರುಗಳಲ್ಲಿ "ನೀವು ಹೇಳಿದಿರಿ, ನಾವು ಮಾಡಿದೆವು" ಎಂಬ ಪೋಸ್ಟರ್ ಕಾಣಬಹುದು. ಏನೂ ಮಾಡದೆ ಇರುವುದಕ್ಕಿಂತ ಅದು ಒಳ್ಳೆಯದೇ. ಆದರೆ ನನ್ನ ಮಟ್ಟಿಗೆ ಅದು ಪಾಲುದಾರಿಕೆ ಅಲ್ಲ. ಹೇಳುವವರು ಒಂದು ಕಡೆ, ಮಾಡುವವರು ಇನ್ನೊಂದು ಕಡೆ ಉಳಿದರೆ ವಿದ್ಯಾರ್ಥಿ ಬರೀ ಗಿರಾಕಿಯಾಗುತ್ತಾನೆ. ವಿದೇಶಿ ವಿದ್ಯಾರ್ಥಿಗಳ ಫೀಸು ಜಾಸ್ತಿ ಇರುವುದರಿಂದ ನಮಗೆ ಆ ಗಿರಾಕಿ ಧೋರಣೆ ಬೇಗ ಬರುತ್ತದೆ. ಅದರಿಂದ ದೂರ ಇರಿ. ತೀರ್ಮಾನಕ್ಕೆ ಮೊದಲೇ ಇಬ್ಬರೂ ಕೂತು ಯೋಚಿಸಿದರೆ ಮಾತ್ರ ಅದು ನಿಜವಾದ ಜೊತೆಗಾರಿಕೆ. ಲಿಂಕನ್ ಯುನಿವರ್ಸಿಟಿ "ಸ್ಟೂಡೆಂಟ್ ಆ್ಯಸ್ ಪ್ರೊಡ್ಯೂಸರ್" ಎಂಬ ಹೆಸರಿನಲ್ಲಿ ವಿದ್ಯಾರ್ಥಿಗಳನ್ನು ಅಧ್ಯಾಪಕರ ಸಂಶೋಧನೆಯಲ್ಲೇ ಸೇರಿಸಿಕೊಂಡಿತು. ಬರ್ಮಿಂಗ್‌ಹ್ಯಾಮ್ ಸಿಟಿ ಯುನಿವರ್ಸಿಟಿ ಪಾಠ ಸುಧಾರಿಸುವ ಪ್ರಾಜೆಕ್ಟುಗಳಲ್ಲಿ ಅಧ್ಯಾಪಕರ ಜೊತೆ ದುಡಿದ ವಿದ್ಯಾರ್ಥಿಗಳಿಗೆ ಹಣ ಕೊಟ್ಟಿತು. ಹಣ ಕೊಡುವುದು ದೊಡ್ಡ ಮಾತು. ಇಲ್ಲದಿದ್ದರೆ ಸಂಜೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ನಮ್ಮ ಮಕ್ಕಳು ಇಂಥದ್ದಕ್ಕೆ ಬರುವುದು ಹೇಗೆ? ಇಂಥ ಅವಕಾಶ ಸಿಕ್ಕರೆ ಬಿಡಬೇಡಿ. ಆದರೆ ಸಂಬಳದ ಕೆಲಸವಾದರೆ ಅದೂ ಸ್ಟೂಡೆಂಟ್ ವೀಸಾದ ಲೆಕ್ಕಕ್ಕೆ ಬರುತ್ತದೆ. ಡಿಗ್ರಿ ಮತ್ತು ಅದಕ್ಕಿಂತ ಮೇಲಿನ ಕೋರ್ಸಿನವರಿಗೆ ಟರ್ಮಿನ ದಿನಗಳಲ್ಲಿ ವಾರಕ್ಕೆ 20 ಗಂಟೆಯೇ ಮಿತಿ. ಮಾಸ್ಟರ್ಸ್‌ನವರಿಗೆ ಡಿಸರ್ಟೇಶನ್ ಬರೆಯುವ ಬೇಸಿಗೆಯೂ ಸಾಮಾನ್ಯವಾಗಿ ಟರ್ಮಿನ ಲೆಕ್ಕವೇ.

ಸ್ಕಾಟ್ಲೆಂಡಿಗೆ ಹೋಗುವವರಿಗೆ ಇನ್ನೂ ಒಳ್ಳೆಯ ನೆಲ ಸಿಗುತ್ತದೆ. ಅಲ್ಲಿ ವಿದ್ಯಾರ್ಥಿಗಳ ಪಾಲುದಾರಿಕೆಗೆಂದೇ 2003ರಲ್ಲಿ ಸ್ಪಾರ್ಕ್ಸ್ ಎಂಬ ಸಂಸ್ಥೆ ಹುಟ್ಟಿತು. ಯುನಿವರ್ಸಿಟಿಗಳ ಗುಣಮಟ್ಟ ನೋಡಲು ಬರುವ ತಂಡದಲ್ಲಿ ವಿದ್ಯಾರ್ಥಿಯೂ ಸದಸ್ಯ. 2016ರ ಕಾಯ್ದೆ ಆಡಳಿತ ಮಂಡಳಿಯಲ್ಲಿ ವಿದ್ಯಾರ್ಥಿಗಳಿಗೆ 2 ಸ್ಥಾನ ಕೊಟ್ಟಿದೆ.

ಕೋರ್ಸಿನ ಬಗ್ಗೆ ವಿದ್ಯಾರ್ಥಿಗಳ ಅಭಿಪ್ರಾಯ ಕೇಳುವ ಸರ್ವೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2005ರಿಂದ ನಡೆಯುವ ನ್ಯಾಷನಲ್ ಸ್ಟೂಡೆಂಟ್ ಸರ್ವೆ ಕೊನೆಯ ವರ್ಷದ ಡಿಗ್ರಿ ವಿದ್ಯಾರ್ಥಿಗಳಿಗೆ. ಮಾಸ್ಟರ್ಸ್‌ನವರಿಗೆ ಬೇರೆ ಸರ್ವೆ ಇದೆ. ಬಂದಾಗ ತುಂಬಿಸಿ.

ನಿಮ್ಮ ಸ್ವಂತ ಸಮಸ್ಯೆಯನ್ನು ಕಮಿಟಿಗೆ ತರಬೇಡಿ. ಕಾಯಿಲೆ, ಮನೆಯ ಸಾವು, ಮಾರ್ಕಿನ ತಕರಾರು ಇದ್ದರೆ ಮೊದಲು ಪರ್ಸನಲ್ ಟ್ಯೂಟರ್ (ನಿಮ್ಮನ್ನು ನೋಡಿಕೊಳ್ಳಲು ನೇಮಿಸಿದ ಅಧ್ಯಾಪಕ), ಆಮೇಲೆ ಯೂನಿಯನ್ನಿನ ಅಡ್ವೈಸ್ ಸೆಂಟರ್. ಅಲ್ಲಿ ಸಲಹೆಗೆ ಹಣ ಕೇಳುವುದಿಲ್ಲ. ಯುನಿವರ್ಸಿಟಿಯ ಒಳಗಿನ ದೂರಿನ ದಾರಿಯೆಲ್ಲ ಮುಗಿದಾಗ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ "ಕಂಪ್ಲೀಶನ್ ಆಫ್ ಪ್ರೊಸೀಜರ್ಸ್" ಪತ್ರ ಕೊಡುತ್ತಾರೆ. ಅದರ ದಿನಾಂಕದಿಂದ 12 ತಿಂಗಳೊಳಗೆ ಓಐಎ (ಆಫೀಸ್ ಆಫ್ ದಿ ಇಂಡಿಪೆಂಡೆಂಟ್ ಅಡ್ಜುಡಿಕೇಟರ್) ಎಂಬ ಹೊರಗಿನ ಸಂಸ್ಥೆಗೆ ದೂರು ಕೊಡಬಹುದು. ಸ್ಕಾಟ್ಲೆಂಡಿನಲ್ಲಾದರೆ ಸಾರ್ವಜನಿಕ ಸೇವೆಗಳ ಓಂಬುಡ್ಸ್‌ಮನ್ ಹತ್ತಿರ ಹೋಗಬೇಕು. ಊರಿಗೆ ಮರಳಿದ ಮೇಲೂ ಇಮೇಲಿನಲ್ಲೇ ದೂರು ಮುಂದುವರಿಸಬಹುದು. ಆದ್ದರಿಂದ ಪತ್ರ, ಇಮೇಲ್ ಎಲ್ಲವನ್ನೂ ಯುನಿವರ್ಸಿಟಿ ಖಾತೆ ಮುಚ್ಚುವ ಮೊದಲೇ ನಿಮ್ಮ ಸ್ವಂತ ಇಮೇಲಿಗೆ ಕಳಿಸಿಟ್ಟುಕೊಳ್ಳಿ.