ಹಳೇ ಮೇಲ್‌ಬಾಕ್ಸ್‌ನಿಂದ 3,500 ಅತಿಥಿಗಳನ್ನು ಹೆಕ್ಕಿದ ಬಗೆ

ಸಕಲೇಶಪುರದ ಹೋಮ್‌ಸ್ಟೇ ಒಂದರ ಬುಕಿಂಗ್ ನೋಡಿಕೊಳ್ಳುವವನು ನಾನು. ನಮ್ಮ ಜಿಮೇಲ್‌ನಲ್ಲಿ ಹೆಚ್ಚುಕಡಿಮೆ 40 ಸಾವಿರ ಮೇಲ್ ಬಿದ್ದಿದ್ದವು. ಬಂದುಹೋದವರನ್ನು ಮತ್ತೆ ಕರೆಯಲು ಅವರ ಇಮೇಲ್ ವಿಳಾಸಗಳನ್ನು ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ಬರೆದು ತೆಗೆಯುತ್ತೇನೆ ಅಂದರೆ ಮಾಲೀಕರು ನಂಬಲಿಲ್ಲ. ಒಂದು ಏಜೆನ್ಸಿ ಇದಕ್ಕೇ 25 ಸಾವಿರ ಕೇಳಿತ್ತು. ನನ್ನ ಖರ್ಚು ಡೇಟಾ ಪ್ಯಾಕಿಗೆ ಕೊಟ್ಟ ಮುನ್ನೂರು ಚಿಲ್ಲರೆ, ಅಷ್ಟೆ.

ಮೊದಲು ಆಪ್ಸ್ ಸ್ಕ್ರಿಪ್ಟ್ ಹಿಡಿದೆ, ಅಂದರೆ ಗೂಗಲ್ ಖಾತೆಯೊಳಗೇ ಪ್ರೋಗ್ರಾಂ ಓಡಿಸುವ ಸೌಲಭ್ಯ. ಆರು ನಿಮಿಷಕ್ಕೆ ಓಟ ನಿಲ್ಲುತ್ತದೆ. ತಾನಾಗಿ ಮತ್ತೆ ಓಡುವಂತೆ ಟ್ರಿಗರ್ ಕಟ್ಟಿ ಮುಂದುವರಿಸಿದರೆ ದಿನದ ಕೋಟಾ ಮುಗಿಯುತ್ತದೆ. ಆಮೇಲೆ ಗೂಗಲ್‌ನಿಂದ ನಮ್ಮ ಡೇಟಾ ಇಳಿಸಿಕೊಳ್ಳುವ ಟೇಕ್‌ಔಟ್‌ನಿಂದ ಎಂಬಾಕ್ಸ್ (ಎಲ್ಲ ಮೇಲ್ ಒಂದೇ ಕಡೆ ಇರುವ ಫೈಲ್) ಇಳಿಸಿ, ಇಡೀ ಫೈಲಿನ ಮೇಲೆ ರೆಜೆಕ್ಸ್ (ಅಕ್ಷರಗಳ ಮಾದರಿ ನೋಡಿ ಹುಡುಕುವ ಸೂತ್ರ) ಓಡಿಸಿದೆ. 60 ಸಾವಿರಕ್ಕೂ ಹೆಚ್ಚು ‘ವಿಳಾಸ’ ಬಂದವು! ಬಹುಪಾಲು ಮೆಸೇಜ್-ಐಡಿಗಳು, ಅಂದರೆ ಪ್ರತಿ ಮೇಲ್‌ನ ಗುರುತಿನ ಸಂಕೇತಗಳು; ಅವೂ ನೋಡಲು ಇಮೇಲ್ ವಿಳಾಸದ ಹಾಗೇ ಇರುತ್ತವೆ.

ಕೊನೆಗೆ ಒಳಗಿನ ಪಠ್ಯ ಮುಟ್ಟದೆ ಹೆಡರ್ (ಯಾರಿಂದ, ಯಾರಿಗೆ ಎಂಬ ಮೇಲ್‌ನ ತಲೆಭಾಗ) ಮಾತ್ರ ಓದಿದೆ: ಪೈಥಾನ್ ಭಾಷೆಯ ಮೇಲ್‌ಬಾಕ್ಸ್ ಮಾಡ್ಯೂಲ್, ಜೊತೆಗೆ ವಿಳಾಸಗಳನ್ನು ಬಿಡಿಸಿಕೊಡುವ ಗೆಟ್‌ಅಡ್ರೆಸಸ್. ಕಳಿಸಿದವರ ವಿಳಾಸವಿರುವ ಫ್ರಮ್ ಒಂದನ್ನೇ ನಂಬಬೇಡಿ. ನಮ್ಮ ವೆಬ್‌ಸೈಟಿನ ವಿಚಾರಣೆ ಫಾರಂನಿಂದ ಬರುವ ಮೇಲ್‌ಗೆ ಫ್ರಮ್‌ನಲ್ಲಿ ನಮ್ಮದೇ ವಿಳಾಸ, ಗಿರಾಕಿ ಇರುವುದು ಉತ್ತರ ಎಲ್ಲಿಗೆ ಹೋಗಬೇಕೆಂದು ಹೇಳುವ ರಿಪ್ಲೈ-ಟುನಲ್ಲಿ. ಅಲ್ಲೇ ಸಾವಿರದಷ್ಟು ಜನ ಸಿಕ್ಕರು. ಲಿಸ್ಟ್-ಅನ್‌ಸಬ್‌ಸ್ಕ್ರೈಬ್ ಹೆಡರ್ ಇದ್ದ (ಜಾಹೀರಾತು, ಸುದ್ದಿಪತ್ರದಂಥ) ಮೇಲ್‌ಗಳನ್ನು ಪೂರ್ತಿ ಬಿಟ್ಟೆ, ಉತ್ತರ ಸ್ವೀಕರಿಸದ ನೋರಿಪ್ಲೈ ವಿಳಾಸಗಳನ್ನೂ. ಗಿರಾಕಿಯ ನಿಜ ವಿಳಾಸ ಮರೆಮಾಡಲು ಬುಕಿಂಗ್ ಸೈಟುಗಳು ಕೊಡುವ ಮುಸುಕಿನ ವಿಳಾಸಗಳನ್ನೂ ತೆಗೆದೆ. ಹೆಸರಿನ ನಡುವಿನ ಚುಕ್ಕೆಯನ್ನು ಜಿಮೇಲ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಜಿಮೇಲ್ ವಿಳಾಸಗಳ ಆ ಚುಕ್ಕೆ ಕಿತ್ತು ಹೋಲಿಸಿದಾಗ ನಾನೂರರಷ್ಟು ನಕಲು ಉದುರಿದವು. ತಂಗಿಹೋದವರನ್ನೂ ಬರೀ ರೇಟ್ ಕೇಳಿ ಸುಮ್ಮನಾದವರನ್ನೂ ಬೇರ್ಪಡಿಸುವ ಸೂತ್ರ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಬಂಡವಾಳ.

ಇದರ ನಡುವೆ ಇನ್ನೊಂದು ನೋಡಿದೆ. ಕನ್ನಡ ಲಿಪಿಯಲ್ಲಿ ಹೆಸರಿಟ್ಟವರ ಹೆಡರ್ ಸಾಮಾನ್ಯವಾಗಿ ಬೇಸ್64ರಲ್ಲಿ, ಅಂದರೆ ಇಂಗ್ಲಿಷ್ ಅಕ್ಷರ-ಅಂಕಿಗಳ ಸಂಕೇತರೂಪದಲ್ಲಿ, ಬರುತ್ತದೆ. ಬಿಡಿಸಿದರೆ ಎಪ್ಪತ್ತು ಮಂದಿ ಸಿಕ್ಕರು. ಅವರಿಗೆ ಕನ್ನಡದಲ್ಲೇ ಬರೆದೆ. ಹೆಚ್ಚು ಉತ್ತರ ಬಂದದ್ದು ಅವರಿಂದಲೇ.

ಉಚಿತ ಜಿಮೇಲ್‌ನಿಂದ ಕಳಿಸಲು ದಿನಕ್ಕೆ 500 ಮಿತಿ. ನಾನು ನೂರರಂತೆ ಕಳಿಸಿದೆ, ಬೇಡ ಎಂದವರನ್ನು ಅಂದೇ ಪಟ್ಟಿಯಿಂದ ತೆಗೆದೆ. ನಾಲ್ಕೈದು ವರ್ಷ ಹಳೆಯ ಕಂಪನಿ ವಿಳಾಸಗಳು ಸಾಲುಸಾಲಾಗಿ ಬೌನ್ಸ್ ಆದವು (ತಲುಪದೆ ವಾಪಸ್ ಬಂದವು); ಜನ ಕೆಲಸ ಬದಲಿಸಿರುತ್ತಾರೆ. ಆದರೂ ಮಳೆಗಾಲದಲ್ಲಿ ವಾರದ ನಡುವೆ ಖಾಲಿ ಹೊಡೆಯುತ್ತಿದ್ದ ಕೋಣೆಗಳು ನಲವತ್ತು ರಾತ್ರಿಗಳಷ್ಟು ನೇರವಾಗಿ ತುಂಬಿದವು. ಕಮಿಷನ್‌ಗೆ ಹೋಗುತ್ತಿದ್ದ 20 ಸಾವಿರದಷ್ಟು ಕೈಯಲ್ಲೇ ಉಳಿಯಿತು.

ಈಗ ಮಾಲೀಕರೇ ತಮ್ಮ ಇನ್ನೊಂದು ಎಸ್ಟೇಟಿನ ಯಾಹೂ ಖಾತೆ ಕೊಟ್ಟಿದ್ದಾರೆ. ಅದನ್ನು ಐಮ್ಯಾಪ್‌ನಲ್ಲಿ (ಸರ್ವರ್‌ನಿಂದ ಮೇಲ್ ಓದುವ ವಿಧಾನ) ಎಳೆಯುತ್ತಿದ್ದೇನೆ. ಮೇಲ್ ಕೇಳುವಾಗ ‘ಓದಿದೆ’ ಗುರುತು ಬೀಳದ ಬಾಡಿ.ಪೀಕ್ ಆದೇಶವನ್ನೇ ಬಳಸಿ, ಇಲ್ಲದಿದ್ದರೆ ಆಫೀಸಿನವರು ಇನ್ನೂ ತೆರೆಯದ ಮೇಲ್‌ಗಳೆಲ್ಲ ಓದಿದ್ದಾಗಿ ಕಾಣುತ್ತವೆ.