ಅಜ್ಜ-ಮುತ್ತಜ್ಜನ ಮರಣ ದಾಖಲೆ ಹುಡುಕುವವರಿಗೆ

ವಂಶವೃಕ್ಷ ಬರೆಯುತ್ತಿರುವವರು ಒಂದು ಗಮನಿಸಿ: ಮರಣ ನೋಂದಣಿ ಆಗುವುದು ಸಾವು ಸಂಭವಿಸಿದ ಊರಿನಲ್ಲಿ, ಸ್ವಂತ ಊರಿನಲ್ಲಲ್ಲ. ಅಜ್ಜ ಮಂಡ್ಯದವರಾದರೂ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಹುಡುಕಬೇಕಾದ್ದು ಮೈಸೂರಿನಲ್ಲಿ.

ಕಂಪ್ಯೂಟರ್ ಪ್ರಮಾಣಪತ್ರ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಸಾವಿನ ಸುದ್ದಿ ಕೊಟ್ಟವರು ಯಾರು ಎಂಬುದು ಅದರಲ್ಲಿ ಇರುವುದಿಲ್ಲ, ಮೂಲ ದಾಖಲೆಯಲ್ಲಿ ಇರುತ್ತದೆ. ಎಷ್ಟೋ ಸಲ ಅದು ನಮಗೆ ಗೊತ್ತೇ ಇಲ್ಲದ ಭಾವನೋ ದಾಯಾದಿಯೋ ಆಗಿರುತ್ತಾರೆ! ಹಳ್ಳಿಯ ಹಳೇ ರಿಜಿಸ್ಟರುಗಳನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ವಿಚಾರಿಸಿ. ದೃಢೀಕೃತ ನಕಲು ಬೇಕೆಂದು ಅರ್ಜಿಯಲ್ಲೇ ಬರೆಯಿರಿ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ರಿಜಿಸ್ಟರ್ ಹುಡುಕಿಸಲು ಅವಕಾಶವಿದೆ. ಸಾವಿನ ಕಾರಣ ಮಾತ್ರ ಕೊಡುವುದಿಲ್ಲ.

ಇಸವಿಯೇ ಗೊತ್ತಿಲ್ಲವೇ? ಜಮೀನಿದ್ದ ಮನೆಯಾದರೆ ಪೌತಿ ಖಾತೆಯ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬದಲಾದದ್ದರ) ಮ್ಯುಟೇಶನ್ ದಾಖಲೆ ತೆಗೆಸಿ. ಖಾತೆ ಬದಲಾಗಿದ್ದು ತಡವಾಗಿಯೂ ಇರಬಹುದು, ಹಾಗಾಗಿ ಅದಕ್ಕಿಂತ ಹಿಂದಿನ ವರ್ಷಗಳಲ್ಲಿ ನೋಡುತ್ತಾ ಹೋಗಿ. ಶ್ರಾದ್ಧ ಮಾಡುವ ಮನೆಯಲ್ಲಿ ತಿಥಿ ಕೇಳಿದರೆ ಮಾಸ, ಪಕ್ಷ ಸಿಗುತ್ತದೆ. ಆಮೇಲೆ ಆ ಮಾಸ ಬೀಳುವ ಎರಡು ಇಂಗ್ಲಿಷ್ ತಿಂಗಳ ಪುಟ ತಿರುವಿದರೆ ಸಾಕು. ಹೆಸರು ‘ಚಿಕ್ಕಣ್ಣ’ ಅಂತಲೋ ‘ದೊಡ್ಡಯ್ಯ’ ಅಂತಲೋ ಬರೆದಿರಬಹುದು, ತಂದೆಯ ಹೆಸರನ್ನೂ ತಾಳೆ ನೋಡಿ.